ಜಯಪಾಲನ ಕುಡಿತ

“ಇನ್ನೊಂದ ಸುತ್ತ ಬಿಗಿಯೋ,” ಎಂದರು ಕಾಕಾಸಾಹೇಬರು.

ಹೆಣದ ಕಾಲಿನ ಎರಡೂ ಹೆಬ್ಬೆರಳು ಕೂಡಿಸಿ ಬಿಳಿ ದಾರ ಸುತ್ತುತ್ತಿದ್ದ ಪಕ್ಕದ ಮನೆಯ ಭರಮು ತಲೆ ಎತ್ತಿದ. “ಸಾಕ ಬಿಡ್ರಿ ಸಾವ್ಕಾರ. ಇಷ್ಟ ವರ್ಷ ಕುಣದ ಕುಣದ ದಣದಾನ. ಇನ್ನ ಎದ್ದ ಎಲ್ಲಿಗಿ ಹೋಗ್ತಾನ?”

ಪಡಸಾಲೆಯಲ್ಲಿ ಯಾರೋ ಮೂಗಿನಲ್ಲೇ ನಕ್ಕರು. ತಂದೆಯ ತಲೆಯ ಬಳಿ ಕೂತು ಗದ್ದ ಒರೆಸುತ್ತಿದ್ದ ಬ್ರಾಹ್ಮಿ ನಕ್ಕವರು ಯಾರೆಂದು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಎದೆಯ ಮೇಲೆ ಜೋಡಿಸಿಟ್ಟ ಕೈಗಳನ್ನು. ಎಚ್ಚರವಿದ್ದಾಗ ಅವು ಒಂದು ಕ್ಷಣವೂ ಸುಮ್ಮನಿದ್ದವಲ್ಲ. ಇಲ್ಲದ ನೂಲನ್ನು ಎಳೆಯುತ್ತಿದ್ದವು, ಇಲ್ಲದ ನೊಣವನ್ನು ಹೊಡೆಯುತ್ತಿದ್ದವು. ಭುಜ ತಾನಾಗಿ ಕುಪ್ಪಳಿಸುತ್ತಿತ್ತು, ಹುಬ್ಬು ಏರಿ ಇಳಿಯುತ್ತಿತ್ತು, ಬಲಕ್ಕೆ ಹೊರಟ ಕಾಲು ಎಡಕ್ಕೆ ಬೀಳುತ್ತಿತ್ತು. ನಿದ್ದೆ ಹತ್ತಿದರೆ ಮಾತ್ರ ಎಲ್ಲವೂ ನಿಲ್ಲುತ್ತಿತ್ತು. ಕಡೆಗಡೆಗೆ ನುಂಗುವುದೂ ಬರದಾಯಿತು. ಗಂಜಿ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದು, ಜ್ವರ ಏರಿ, ಇಂದು ಬೆಳಗಿನ ಜಾವ ಜಯಪಾಲ ತೀರಿಕೊಂಡಿದ್ದ. ಊರಿನ ಲೆಕ್ಕದಲ್ಲಿ ಇದೆಲ್ಲಕ್ಕೂ ಒಂದೇ ಹೆಸರು: ಕುಡಿತ.

ಕೃಷ್ಣೆಯ ದಂಡೆಯ ಆ ಊರಿನ ಜೈನರಲ್ಲಿ ಹೆಣವನ್ನು ಬಹಳ ಹೊತ್ತು ಇಡುವುದಿಲ್ಲ. ಹೊತ್ತು ಇಳಿಯುವುದರೊಳಗೆ ಬೆಂಕಿ ಮುಟ್ಟಬೇಕು. ಅದಕ್ಕೇ ಕಾಕಾಸಾಹೇಬರು ಅವಸರ ಮಾಡುತ್ತಿದ್ದರು. ಜಯಪಾಲನ ಚಿಕ್ಕಪ್ಪನ ಮಗ ಅವರು. ಬಸದಿಯ ಪಂಚರಲ್ಲಿ ಒಬ್ಬರು, ಊರಿನ ಹಾಲು ಕೊಳ್ಳುವ ಸೆಂಟರಿನ ಮಾಲೀಕರು. ಜಯಪಾಲ ಆ ಸೆಂಟರಿನಲ್ಲಿ ಹಾಲು ಅಳೆಯುತ್ತಿದ್ದ, ಅವರೇ ಅವನನ್ನು ತೆಗೆದುಹಾಕುವವರೆಗೆ.

ಒಳಗಿನಿಂದ ಗಂಗೂಬಾಯಿ ಸಣ್ಣ ಹಿತ್ತಾಳೆಯ ಗಿಂಡಿ ಹಿಡಿದು ಬಂದಳು. ಗಂಡ ಸತ್ತ ಮೇಲೆ ಆಕೆ ಇನ್ನೂ ಅತ್ತಿರಲಿಲ್ಲ.

“ಒಂದೀಟ ಗಂಧೋದಕ ತರಿಸಿ ಕೊಡ್ರಿ,” ಎಂದಳು ಮೈದುನನಿಗೆ. “ಹಣಿಗಿ ಹಚ್ಚೂನು.”

ಬಸದಿಯಲ್ಲಿ ಮುಂಜಾನೆ ಜಿನಮೂರ್ತಿಗೆ ಅಭಿಷೇಕವಾದ ನೀರು ಅದು. ಸಮಾಜದವರು ಯಾರೇ ಸತ್ತರೂ ಚಟ್ಟ ಎತ್ತುವ ಮುಂಚೆ ಅಲ್ಲಿಯ ಪೂಜಾರಿ ಉಪಾಧ್ಯೆ ಅದನ್ನು ತಂದು ಹಣೆಗೆ ಹಚ್ಚುತ್ತಿದ್ದ. ಇಂದು ಉಪಾಧ್ಯೆ ಬರಿಗೈಯಲ್ಲಿ ಬಂದು ಅಂಗಳದ ಬೇವಿನ ಕೆಳಗೆ ನಿಂತಿದ್ದ.

“ವೈನಿ, ತಪ್ಪ ತಿಳ್ಕೋಬ್ಯಾಡ್ರಿ,” ಎಂದರು ಕಾಕಾಸಾಹೇಬರು. ದನಿಯಲ್ಲಿ ಕೆಡುಕಿರಲಿಲ್ಲ, ನಿಜವಾದ ಸಂಕಟವೇ ಇತ್ತು. “ಅಂವ ನನಗೂ ಅಣ್ಣನ. ಖರೇ ಕುಡದ ದೇಹಕ್ಕ ದೇವರ ನೀರ ಹ್ಯಾಂಗ ಹಚ್ಚಬೇಕು? ನಾಳಿ ಇನ್ನೊಬ್ಬರ ಮನ್ಯಾಗ ಕೇಳ್ತಾರ. ನಾ ಏನ ಹೇಳ್ಲಿ?”

ಗಂಗೂಬಾಯಿ ಗಿಂಡಿಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬ್ರಾಹ್ಮಿ ಬಾಯಿ ತೆರೆದಳು. ತಾಯಿ ಅವಳತ್ತ ನೋಡಿ, ಬೇರೆ ಯಾರಿಗೂ ಕಾಣದಷ್ಟು ಸಣ್ಣದಾಗಿ, ಬೇಡವೆಂದು ತಲೆ ಅಲ್ಲಾಡಿಸಿದಳು.

ಅಷ್ಟರಲ್ಲಿ ಅಂಗಳದಾಚೆ ಕಾರು ನಿಂತಿತು. ಚಿಕ್ಕೋಡಿಯಿಂದ ತಮ್ಮ ಶ್ರೇಣಿಕ ಬಂದಿದ್ದ. ಬ್ರಾಹ್ಮಿಗಿಂತ ಮೂರು ವರ್ಷಕ್ಕೆ ಸಣ್ಣವನು. ಅಲ್ಲಿ ಪಂಪಿನ ಮೋಟಾರು ಸುತ್ತುವ ಅಂಗಡಿ ಇಟ್ಟಿದ್ದ. ಹಿಂದೆ ಅವನ ಹೆಂಡತಿ ಮನೀಷಾ ಸೊಂಟಕ್ಕೆ ಕೈ ಕೊಟ್ಟು ನಿಧಾನ ಇಳಿದಳು. ಅವಳಿಗೆ ಮೂರು ತಿಂಗಳು ತುಂಬಿತ್ತು. ಶ್ರೇಣಿಕ ಒಳಗೆ ಬರಲಿಲ್ಲ, ಅಪ್ಪನ ಮುಖ ನೋಡಲಿಲ್ಲ. ಕಟ್ಟೆಯ ಮೇಲೆ ಕೂತ.

“ಏಳಪ್ಪಾ, ಜಳಕಾ ಮಾಡು,” ಎಂದರು ಕಾಕಾಸಾಹೇಬರು. “ಒದ್ದಿ ಧೋತರ ಉಟ್ಕೊಂಡ ಬೆಂಕಿ ಗಡಗಿ ಹಿಡಿಬೇಕು.”

“ನಾ ಹಿಡಿಯೂದಿಲ್ಲ ಕಾಕಾ.”

“ಅಂದ್ರ?”

“ಹಿಡಿಯೂದಿಲ್ಲ ಅಂದ್ರ ಹಿಡಿಯೂದಿಲ್ಲ. ಹೆಣಾ ಎತ್ತೂದಕ್ಕ ಬಂದೀನಿ, ಊರ ಬಾಯಿಗಿ ಅಂಜಿ. ಅಷ್ಟ ಸಾಕು.” ಅವನು ಚಪ್ಪಲಿಯ ಉಂಗುಷ್ಟ ಎಳೆದಾಡುತ್ತಿದ್ದ. “ನಾ ಹತ್ತನೇತ್ತೆ ಇದ್ದಾಗ ಕಾಗವಾಡ ಬಸ್ ಸ್ಟ್ಯಾಂಡಿನ್ಯಾಗ ಬಿದ್ದಿದ್ದ, ಅಂಗಿ ತುಂಬ ಘಮಾ ಘಮಾ. ನನ್ನ ಗೆಳ್ಯಾರ ಹೋಗಿ ಎತ್ತಿದ್ರು. ‘ಇಂವ ನಿಮ್ಮಪ್ಪ ಅಲ್ಲೇನಲೇ’ ಅಂತ ಕೇಳಿದ್ರು. ಅಲ್ಲ ಅಂದೆ. ಅವತ್ತ ಅಂದದ್ದ ಇವತ್ತೂ ಅಂತೀನಿ.”

ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬನೇ ಕೂತಿದ್ದ ಜಯಪಾಲನ ಗೆಳೆಯ ಮೈಬೂಬ ಎದ್ದು, ಬ್ರಾಹ್ಮಿಯನ್ನು ನೋಡಿ, ಮತ್ತೆ ಕೂತ.

*

ವರ್ಷಗಳ ಹಿಂದೆ ಮೀರಜದ ಡಾಕ್ಟರು ರೋಗದ ಹೆಸರು ಹೇಳಿದ ದಿನ ಬ್ರಾಹ್ಮಿ ಜೊತೆಗಿದ್ದಳು. ಕಾಲೇಜಿನ ಹುಡುಗಿ, ಇಂಗ್ಲಿಷ್ ಓದಬಲ್ಲವಳು ಎಂದು ಅಪ್ಪ ಕರೆದುಕೊಂಡು ಹೋಗಿದ್ದ. ಹಂಟಿಂಗ್ಟನ್ ಎಂಬ ರೋಗ. ಮೆದುಳಿನ ಒಳಗಿನ ಒಂದು ಜಾತಿಯ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಮೈ ತನ್ನ ಮಾತು ತಾನೇ ಕೇಳುವುದಿಲ್ಲ, ನಂತರ ನಾಲಿಗೆ, ನಂತರ ಬುದ್ಧಿ. ಔಷಧಿ ಇಲ್ಲ.

“ನಮ್ಮಪ್ಪಗೂ ಹಿಂಗ ಆಗಿತ್ರಿ,” ಎಂದಿದ್ದ ಜಯಪಾಲ. “ದೆವ್ವ ಹೊಕ್ಕೈತಿ ಅಂತ ಕಟ್ಟಿ ಹಾಕಿದ್ರು.”

ಡಾಕ್ಟರು ಕೈಬೆರಳು ಚಿಮ್ಮಿ ತೋರಿಸಿದರು. ಕ್ರಿಕೆಟಿನ ಟಾಸ್ ಇದ್ದಂತೆ. ತಂದೆಗೆ ಇದ್ದರೆ ಪ್ರತಿ ಮಗುವಿಗೂ ಒಂದೊಂದು ಟಾಸ್. ಒಂದು ಮಗುವಿಗೆ ಬಿದ್ದದ್ದಕ್ಕೂ ಇನ್ನೊಂದಕ್ಕೆ ಬೀಳುವುದಕ್ಕೂ ಸಂಬಂಧವಿಲ್ಲ.

ಬಸ್ಸಿನಲ್ಲಿ ಬರುವಾಗ ಅಪ್ಪ ಒಮ್ಮೆಯೂ ತನ್ನ ಬಗ್ಗೆ ಕೇಳಲಿಲ್ಲ. ಮಗಳ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ.

ಅದೇ ವಾರ ಸೆಂಟರಿನಲ್ಲಿ ತುಂಬಿದ ಹಾಲಿನ ಕ್ಯಾನು ಅವನ ಕೈಯಿಂದ ಜಾರಿ ನೆಲವೆಲ್ಲ ಬೆಳ್ಳಗಾಯಿತು. ಹಾಲು ಹಾಕಲು ಬಂದ ಮಂದಿ ಸಾಲಾಗಿ ನಿಂತಿದ್ದರು. “ಏನೋ ಜಯಪಾಲಣ್ಣಾ, ಮುಂಜಾನಿ ಮುಂಜಾನಿ ಹಾಕ್ಕೊಂಡ ಬಂದೀಯೇನ?” ಎಂದರು ಕಾಕಾಸಾಹೇಬರು. ಅದು ಚೇಷ್ಟೆ. ನಿತ್ಯ ಅಭಿಷೇಕಕ್ಕೆ ನಿಲ್ಲುವ, ಹೊತ್ತು ಮುಳುಗಿದ ಮೇಲೆ ನೀರೂ ಕುಡಿಯದ, ಗಡ್ಡೆ-ಗೆಣಸು ಮುಟ್ಟದ ಮನುಷ್ಯನಿಗೆ ಹಾಗೆ ಕೇಳಿದ್ದಕ್ಕೇ ಮಂದಿ ನಕ್ಕರು. ಜಯಪಾಲ ಹಾಲಿನ ಮಧ್ಯೆ ನಿಂತು ಎಲ್ಲರ ಮುಖ ನೋಡಿದ.

“ಹೌದು,” ಎಂದ.

ನಗು ನಿಂತಿತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಗಂಗೂಬಾಯಿ ಹಣೆ ಬಡಿದುಕೊಂಡಳು. “ಕುಡಿಯೂದ ಮಕ್ಕಳಿಗಿ ಹತ್ತೂದಿಲ್ಲ,” ಎಂದ ಜಯಪಾಲ. “ಬ್ಯಾನಿ ಅಂತ ಹೇಳಿದ್ರ ಈ ಮನೀಗಿ ಹೆಣ್ಣ ಯಾರ ಕೊಡ್ತಾರ? ಇಲ್ಲಿಂದ ಹೆಣ್ಣ ಯಾರ ತಗೋತಾರ? ಕುಡುಕನ ಮಗಾ ಅಂದ್ರ ನಾಲ್ಕ ದಿನ ನಗ್ತಾರ, ಆ ಮ್ಯಾಲ ಹುಡುಗ ಚಲೋ ಅದಾನಿಲ್ಲ ಅಂತ ನೋಡ್ತಾರ.”

ಬಸದಿಯ ಪಂಚರು ಕೂಡಿ ಅವನಿಗೆ ಗರ್ಭಗುಡಿಯ ಕಡೆ ಬರಬಾರದೆಂದರು. ಅಂದಿನಿಂದ ಅವನು ಹೊರಗೆ ಮಾನಸ್ತಂಭದ ಬುಡದಲ್ಲಿ ನಿಂತು, ಒಳಗೆ ಅಭಿಷೇಕದ ಮಂತ್ರ ಮುಗಿಯುವವರೆಗೆ ಕೇಳಿ ಬರುತ್ತಿದ್ದ. ನಿಂತಲ್ಲೇ ತೂಗಾಡುತ್ತಿದ್ದ. ಒಳಗೆ ಹೋಗುವ ಹೆಂಗಸರು ಮೂಗಿಗೆ ಸೆರಗು ಹಿಡಿಯುತ್ತಿದ್ದರು.

*

ಮೂಗಿಗೆ ಸೆರಗು ಹಿಡಿಯಬೇಕೆಂದರೆ ವಾಸನೆ ಬೇಕಲ್ಲ. ಆ ಜವಾಬ್ದಾರಿ ಮೈಬೂಬನದು. ಸೆಂಟರಿನ ಹಾಲಿನ ಟೆಂಪೊ ಓಡಿಸುತ್ತಿದ್ದ ಅವನು ಸದಲಗಾ ಕಡೆಯಿಂದ ಬರುವಾಗ ಸೀಟಿನ ಕೆಳಗೆ ಒಂದು ಕ್ವಾರ್ಟರ್ ಬಾಟಲಿ ತರುತ್ತಿದ್ದ. ಬ್ರಾಹ್ಮಿಗೆ ಇದನ್ನು ಅವನೇ ಎಷ್ಟೋ ಕಾಲದ ಮೇಲೆ ಹೇಳಿದ್ದು, ಅರ್ಧ ನಗುತ್ತ, ಅರ್ಧ ಕಣ್ಣೊರೆಸಿಕೊಳ್ಳುತ್ತ.

“ನಮ್ಮ ಮಂದಿ ಯಾರರ ನೋಡಿದ್ರ ನನ್ನ ಗತಿ ಏನೋ?” ಎಂದು ಮೊದಲ ದಿನ ಕೇಳಿದ್ದನಂತೆ.

“ಜಯಪಾಲ ತರಿಸ್ಯಾನ ಅಂತ ಹೇಳು.”

“ಜೈನರಾಂವ ಶೆರೆ ತರಿಸ್ಯಾನ ಅಂದ್ರ ಯಾರ ನಂಬ್ತಾರ?”

“ನಂಬಲಿ ಅಂತನ ತರಿಸಾಕತ್ತೀನಿ.”

ಸೆಂಟರಿನ ಹಿಂದೆ ಇಬ್ಬರೂ ಬಾಟಲಿಯನ್ನು ನಡುವೆ ಇಟ್ಟುಕೊಂಡು ಕೂತರು. ಹುಟ್ಟಿದಾಗಿನಿಂದ ಇಬ್ಬರೂ ಅದನ್ನು ಮುಟ್ಟಿದವರಲ್ಲ. ಜಯಪಾಲನ ಕೈಗೆ ಬಿರಡೆ ಸಿಗಲೊಲ್ಲದು. ಕೊನೆಗೆ ಮೈಬೂಬ ತೌಬಾ ತೌಬಾ ಅನ್ನುತ್ತ, ಮುಖ ಆ ಕಡೆ ತಿರುಗಿಸಿ, ಲುಂಗಿಯ ತುದಿಯಿಂದ ಹಿಡಿದು ತಿರುವಿದ. ವಾಸನೆಗೆ ಜಯಪಾಲ ಅಲ್ಲೇ ಕಾರಿಕೊಂಡ. ಅಂಗಿಯ ಕಾಲರಿಗೆ, ತೋಳಿಗೆ ಒಂದಿಷ್ಟು ಸುರುವಿಸಿಕೊಂಡ. ಉಳಿದದ್ದನ್ನು ಮೈಬೂಬ ಬೇಲಿಯ ಬುಡಕ್ಕೆ ಚೆಲ್ಲಲು ಹೋದರೆ ತಡೆದ.

“ಅಲ್ಲಿ ಬ್ಯಾಡೋ. ಇರುವಿ ಅದಾವು, ಸಾಯ್ತಾವು. ಆ ಹಾಸಗಲ್ಲ ಮ್ಯಾಲ ಚೆಲ್ಲು.”

*

ಅಡುಗೆಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಮನೀಷಾ ಗೋಡೆಗೆ ಒರಗಿ ಕೂತಿದ್ದಳು. ಬ್ರಾಹ್ಮಿ ಅವಳಿಗೆ ನೀರು ಕೊಟ್ಟಳು.

“ಅಕ್ಕಾರ, ಇವ್ರಿಗಿ ನೀವಾರ ಹೇಳ್ರಿ,” ಎಂದಳು ಮನೀಷಾ. “ಏನ ಆದ್ರೂ ಅಪ್ಪ. ಬೆಂಕಿ ಹಿಡಿಯೂದಿಲ್ಲ ಅಂದ್ರ ನಾಳಿ ನಮ್ಮ ಕೂಸಿಗಿ ಚಲೋ ಆಗತೈತೇನ್ರಿ?”

“ಡಾಕ್ಟರ್ ಏನಂದ್ರು?”

“ಎಲ್ಲಾ ಚಲೋ ಐತಿ ಅಂದಾರ. ಇವ್ರಿಗನ ಸಮಾಧಾನ ಇಲ್ಲ. ಮಗಾ ಹುಟ್ಟಿದ್ರ ಅಜ್ಜನ ಹೆಸರ ಇಡೂದಿಲ್ಲ ಅಂತಾರ, ಕುಡುಕನ ರಕ್ತ ಅಂತಾರ.” ಅವಳು ದನಿ ತಗ್ಗಿಸಿದಳು. “ಅಕ್ಕಾರ, ನೀವ ರಾಯಬಾಗದಾಗ ಸಾಲ್ಯಾಗ ವಿಜ್ಞಾನ ಹೇಳ್ತೀರಿ. ಕುಡಿಯೂದ ರಕ್ತದಾಗ ಬರತೈತೇನ್ರಿ?”

“ಇಲ್ಲವಾ,” ಎಂದಳು ಬ್ರಾಹ್ಮಿ. “ಕುಡಿಯೂದ ಬರೂದಿಲ್ಲ.”

ಮನೀಷಾಳ ಮುಖ ಸಡಿಲವಾಯಿತು. ಬ್ರಾಹ್ಮಿಗೆ ಆ ಮುಖ ನೋಡಲಾಗಲಿಲ್ಲ.

ಹಿತ್ತಲಲ್ಲಿ ತಾಯಿ ಸಿಕ್ಕಳು. ಗಿಂಡಿಯಲ್ಲಿ ಬಾವಿಯ ನೀರು ತುಂಬುತ್ತಿದ್ದಳು.

“ಅವ್ವಾ, ಶ್ರೇಣಿಕಗ ಹೇಳ್ತೀನಿ.”

“ಏ ಹುಚ್ಚಿ! ಇವತ್ತ?”

“ಇವತ್ತಲ್ಲ, ಹಿಂದೇ ಹೇಳಬೇಕಾಗಿತ್ತು. ಮನೀಷಾಗ ದಿನಾ ಏರಾಕತ್ತಾವು. ಶ್ರೇಣಿಕಗ ಐತೋ ಇಲ್ಲೋ ಗೊತ್ತಾದ್ರ ಹೊಟ್ಯಾಗಿನ ಕೂಸಿಂದೂ ನೋಡಬಹುದು. ತಡಾ ಆದ್ರ ನೋಡಿ ಏನೂ ಮಾಡಾಕ ಬರೂದಿಲ್ಲ.”

“ಇಲ್ಲ ಅಂತ ಬಂದ್ರ ಚಲೋ. ಐತಿ ಅಂತ ಬಂದ್ರ?” ಗಂಗೂಬಾಯಿ ಮಗಳ ಮುಂಗೈ ಹಿಡಿದಳು. “ನಿಮ್ಮಪ್ಪನ ಜಲ್ಮ ಪೂರ್ತಿ ಅದನ್ನ ಮುಚ್ಚೂದ್ರಾಗ ಹೋತು. ದೇವರ ಹೋತು, ಕೆಲಸಾ ಹೋತು, ಮಗಾ ಹ್ವಾದ. ಹೆಣಾ ಎತ್ತೂ ಮೊದಲ ನೀ ಅದನ್ನ ತಗದ ಇಟ್ರ, ಅಂವ ಯಾತಕ್ಕ ಬಾಳಿದಾ? ಹೇಳು.”

ಬ್ರಾಹ್ಮಿ ಮೆಲ್ಲಗೆ ಮುಂಗೈ ಬಿಡಿಸಿಕೊಂಡಳು. ಗಂಡಿನವರು ಬಂದಾಗಲೆಲ್ಲ ಒಲ್ಲೆ ಎಂದು ಎದ್ದುಹೋಗಿದ್ದ ಅವಳು, ತನ್ನ ಪಾಲಿನ ಟಾಸನ್ನು ತನ್ನಲ್ಲೇ ನಿಲ್ಲಿಸಿದ್ದಳು. ಶ್ರೇಣಿಕನಿಗೆ ಆ ದಾರಿಯನ್ನೂ ಯಾರೂ ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಅವನ ಮದುವೆ ಗೊತ್ತಾದಾಗ ಅವಳು ಅಪ್ಪನ ಹಾಸಿಗೆಯ ಬಳಿ ಕೂತು, ಅವನಿಗೆ ಹೇಳಿಬಿಡೋಣವೆಂದು ಬೇಡಿಕೊಂಡಿದ್ದಳು. ಆಗಲೇ ಮಾತು ಹೋಗಿದ್ದ ಜಯಪಾಲ ಬಾಯಿ ಸೊಟ್ಟ ಮಾಡಿ, ಬೆವರಿ, ಒಂದೇ ಒಂದು ಶಬ್ದವನ್ನು ಹೊರಗೆ ತಂದಿದ್ದ. “ಮದಿವಿ.” ಹಾಗೆನ್ನುವಾಗ ಅವನ ಮುಖದಲ್ಲಿ ಇದ್ದದ್ದು ಗೆದ್ದವನ ನಗು. ಅವಳು ಸುಮ್ಮನಾಗಿದ್ದಳು.

*

ಬೆಂಗಳೂರಿಗೆ ಹೋದದ್ದು ಅದಕ್ಕೂ ಮುಂಚೆ, ಅಪ್ಪನ ಮಾತು ಇನ್ನೂ ಅರ್ಧ ತಿಳಿಯುತ್ತಿದ್ದ ದಿನಗಳಲ್ಲಿ. ಕುಡಿತ ಬಿಡಿಸುವ ಕೇಂದ್ರಕ್ಕೆ ಒಯ್ಯುತ್ತೇವೆ ಎಂದು ಊರಿಗೆ ಹೇಳಿದ್ದರು. ಮೈಬೂಬನೂ ಜೊತೆಗೆ ಬಂದಿದ್ದ. ಒಂದು ಪ್ರಯೋಗಾಲಯದ ಮೇಡಂ ಇಂಥ ರೋಗಿಗಳ ಚರ್ಮದ ಚೂರು ಕೇಳುತ್ತಿದ್ದಾರೆಂದು ಬ್ರಾಹ್ಮಿಗೆ ಗೊತ್ತಾಗಿತ್ತು.

ಮೇಡಂ ನಿಧಾನವಾಗಿ ಬಿಡಿಸಿ ಹೇಳಿದರು. ಬದುಕಿರುವವರ ಮೆದುಳನ್ನು ತೆಗೆದು ನೋಡಲಾಗುವುದಿಲ್ಲ. ಆದ್ದರಿಂದ ತೋಳಿನಿಂದ ಬೇಳೆಕಾಳಿನಷ್ಟು ಚರ್ಮ ತೆಗೆದು ಅದರ ಕೋಶಗಳನ್ನು ಬೆಳೆಸುತ್ತೇವೆ. ಅವನ್ನು ಚರ್ಮವಾಗುವುದಕ್ಕೂ ಮುಂಚಿನ, ಇನ್ನೂ ಏನೂ ಆಗಿರದ ಸ್ಥಿತಿಗೆ ಹಿಂದೆ ತಿರುಗಿಸುತ್ತೇವೆ. ಅದಕ್ಕೆ ಕಾಂಡಕೋಶ ಎನ್ನುತ್ತಾರೆ. ಅಲ್ಲಿಂದ ಮುಂದೆ ಮೆದುಳಿನ ನರಕೋಶ ಮಾಡುತ್ತೇವೆ. ನಿಮ್ಮ ರೋಗ ಅವುಗಳಲ್ಲೂ ಇರುತ್ತದೆ. ಅವು ಹೇಗೆ ಕೆಡುತ್ತವೆ ಎಂದು ನೋಡಬಹುದು, ಔಷಧಿ ಹಾಕಿ ನೋಡಬಹುದು. ನಿಮಗೆ ಇದರಿಂದ ಏನೂ ಉಪಯೋಗವಿಲ್ಲ.

ಜಯಪಾಲ ಕುರ್ಚಿಯಲ್ಲಿ ತೂಗಾಡುತ್ತ ಎಲ್ಲವನ್ನೂ ಕೇಳಿದ. “ಸಾಯೂದಕಿಂತ ಮೊದಲ ಇನ್ನೊಂದ ಜಲ್ಮೇನ್ರಿ?” ಎಂದ. ನಾಲಿಗೆ ತೊಡರುತ್ತಿದ್ದರಿಂದ ಬ್ರಾಹ್ಮಿ ಮತ್ತೊಮ್ಮೆ ಹೇಳಿದಳು. ಮೇಡಂ ನಕ್ಕರು.

“ಜೀವ ಇರತೈತೇನ್ರಿ ಅವಕ್ಕ?”

“ಇರತ್ತೆ.”

“ಊಟಾ?”

“ದಿನಾ ಹಾಕ್ತೀವಿ.”

“ಹೊತ್ತ ಮುಳಗಿದ ಮ್ಯಾಲ ಹಾಕಬ್ಯಾಡ್ರಿ.”

ಮೇಡಂ ಈ ಸಲ ನಗಲಿಲ್ಲ. “ಬೆಳಿಗ್ಗೆನೇ ಹಾಕ್ತೀವಿ,” ಎಂದರು. ಆ ಊಟ ಯಾವುದರಿಂದ ಮಾಡಿದ್ದು ಎಂದು ಬ್ರಾಹ್ಮಿ ಹೊರಗೆ ಬಂದು ಕೇಳಿದಳು. ಮೊದಮೊದಲು ಅದರಲ್ಲಿ ಕರುವಿನ ರಕ್ತದ ತಿಳಿಯೂ ಇರುತ್ತದೆ ಎಂದರು ಮೇಡಂ. ಅಪ್ಪ ಕೇಳಿದಾಗ ಬ್ರಾಹ್ಮಿ ಸಕ್ಕರೆ ನೀರು ಎಂದಳು.

ಅವನು ಇನ್ನೊಂದೇ ಮಾತು ಕೇಳಿಕೊಂಡ, ತನ್ನ ಹೆಸರು ಎಲ್ಲಿಯೂ ಬರಬಾರದೆಂದು. ಮೇಡಂ ಹೆಸರು ಇರುವುದಿಲ್ಲ, ನಂಬರು ಅಷ್ಟೇ ಎಂದರು. ಯಾಕೆ ಕೊಡುತ್ತಿದ್ದೀರಿ ಎಂದು ಅವರು ಕೇಳಿದ್ದಕ್ಕೆ ಜಯಪಾಲ ತೋಳು ಮುಂದೆ ಮಾಡಿದ. ಅದು ಸುಮ್ಮನಿರಲೊಲ್ಲದು. ಮೈಬೂಬ, ಬ್ರಾಹ್ಮಿ ಇಬ್ಬರೂ ಕೂಡಿ ಅದುಮಿ ಹಿಡಿದರು.

“ಶ್ರೇಣಿಕನ ಸಲವಾಗಿ,” ಎಂದ.

*

ಖಾಲಿ ಬಿದ್ದ ದನದ ಕೊಟ್ಟಿಗೆಗೆ ಬ್ರಾಹ್ಮಿ ತಮ್ಮನನ್ನು ಕರೆದಳು.

“ಬೆಂಕಿ ಹಿಡಿ ಅನ್ನಾಕ ಕರದಿದ್ರ ಬ್ಯಾಡ ಅಕ್ಕಾ.”

“ಅಪ್ಪ ಕುಡೀತಿದ್ದಿಲ್ಲ.”

ಅವನು ನಕ್ಕ. ಅವಳು ನಗಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಪಾಠ ಹೇಳುವಾಗಿನ ಅದೇ ದನಿಯಲ್ಲಿ. ಬೇರೆ ದನಿಯಲ್ಲಿ ಹೇಳಿದರೆ ಮುಗಿಸಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೀರಜ, ಚೆಲ್ಲಿದ ಹಾಲು, ಹಾಸುಗಲ್ಲಿನ ಮೇಲೆ ಸುರುವಿದ ಬಾಟಲಿ, ಬಸ್ ಸ್ಟ್ಯಾಂಡಿನಲ್ಲಿ ಅಂಗಿಯಿಂದ ಬಂದ ಘಮ. ಮಧ್ಯೆ ಒಮ್ಮೆ ಶ್ರೇಣಿಕ “ಸುಳ್ಳ” ಎಂದ. ಅವಳು ಫೋನು ತೆಗೆದಳು. ಮೇಡಂ ಕಳಿಸಿದ್ದ ವಿಡಿಯೊ. ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕಿಗಳು, ಅವುಗಳಿಂದ ಹೊರಟ ಬಳ್ಳಿಗಳು. ಒಂದು ಮಿನುಗಿತು, ಆಚೆಯ ಮೂಲೆಯಲ್ಲಿ ಇನ್ನೊಂದು, ತಡೆದು ಮತ್ತೆರಡು.

“ಏನಿದು?”

“ಅಪ್ಪನ ನರಾ. ಮೆದಳಿನ್ಯಾಗಿನ ನರಾ ಇರ್ತಾವಲ್ಲ, ಅಂಥಾವು. ಅವನ ತೋಳಿನ ಚರ್ಮದಿಂದ ಬೆಳಸ್ಯಾರ.”

“ಲೂಸ್ ಕನೆಕ್ಷನ್ ಇದ್ದಂಗ ಐತಿ.” ಮೋಟಾರಿನವನು ಅವನು, ಮೊದಲು ಬಾಯಿಗೆ ಬಂದದ್ದು ಅದು. “ಈಗೂ ಅದಾವೇನ ಇವು?”

“ಅದಾವು.”

“ಅಂವ ಅಲ್ಲಿ ಚಟ್ಟದ ಮ್ಯಾಲ ಅದಾನ.”

“ಹೌದು.”

ವಿಡಿಯೊ ಮುಗಿದು ಮೊದಲಿನಿಂದ ಶುರುವಾಯಿತು. ಶ್ರೇಣಿಕ ಕೊಟ್ಟಿಗೆಯ ಕಂಬ ಹಿಡಿದು ಕೆಳಗೆ ಕೂತ.

“ನಂದು?”

“ಗೊತ್ತಿಲ್ಲ. ಟಾಸ್ ಅಂದಾರ.”

“ನಿಂದು?”

“ರಕ್ತಾ ಕೊಟ್ಟೀನಿ. ಏನ ಬಂತಂತ ಕೇಳಿಲ್ಲ.”

“ಮನೀಷಾಂದು…”

“ನಿನಗ ಇದ್ರ ಅಷ್ಟ ಕೂಸಿಗಿ ಟಾಸ್. ನಿನಗ ಇಲ್ಲಂದ್ರ ಅಲ್ಲಿಗೇ ಮುಗೀತು. ನೀ ನೋಡಿಸ್ಕೋಬೇಕು ಶ್ರೇಣಿಕ. ಲಗೂನ. ಮನೀಷಾಗೂ ಹೇಳಬೇಕು.”

“ನನ್ನ ಮದಿವಿಗಿಂತ ಮೊದಲ ಹೇಳಬೇಕಾಗಿತ್ತು.”

“ಹೌದು.”

“ಎಲ್ಲಾರೂ ಕೂಡಿ ನನಗ…” ಅವನು ಎದ್ದ. ಹೊಡೆಯುತ್ತಾನೆ ಎಂದುಕೊಂಡು ಬ್ರಾಹ್ಮಿ ಕಣ್ಣು ಮುಚ್ಚಿದಳು. ತೆರೆದಾಗ ಅವನು ಬಾವಿಯ ಕಡೆ ನಡೆದಿದ್ದ. ಒಂದರ ಮೇಲೊಂದು ಕೊಡ ನೀರನ್ನು ತಲೆಗೆ ಸುರಿದುಕೊಳ್ಳುವ ಸಪ್ಪಳ ಕೇಳಿತು.

*

ಒದ್ದೆ ಧೋತರದಲ್ಲಿ ಶ್ರೇಣಿಕ ಅಂಗಳಕ್ಕೆ ಬಂದು ಬೆಂಕಿಯ ಗಡಿಗೆಗೆ ಕೈ ಹಾಕಿದಾಗ ಕಾಕಾಸಾಹೇಬರು ಉಸಿರು ಬಿಟ್ಟರು. “ಶಾಣ್ಯಾ,” ಎಂದರು. ನಾಲ್ವರು ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದರು. ಬಾಗಿಲಲ್ಲಿ ಹೆಂಗಸರು ನೆರೆದರು. ಮನೀಷಾ ಎಲ್ಲರಿಗಿಂತ ಮುಂದೆ ನಿಂತಿದ್ದಳು.

“ತುಪ್ಪದ ಡಬ್ಬಿ ತಗೊಂಡೇನೋ ಭರಮು?” ಎಂದು ಯಾರೋ ಕೇಳಿದರು.

“ಒಂದ ತಟಕ ಸಾಕ್ರಿ,” ಎಂದ ಭರಮು. “ಅಂವ ಒಳಗ ತುಂಬಿಸಿಟ್ಟಾನ. ಕಡ್ಡಿ ಗೀರಿದ್ರ ಭಗ್ ಅಂತೈತಿ.”

ಈ ಸಲ ನಗು ದೊಡ್ಡದಾಯಿತು. ಉಪಾಧ್ಯೆ ಕೂಡ ಬಾಯಿಗೆ ಕೈ ಅಡ್ಡ ಹಿಡಿದ. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಉರುಳಿತು.

“ಸಾಕ ಮಾಡ್ರಲೇ!” ಮೈಬೂಬನ ಕೊರಳ ನರ ಉಬ್ಬಿತ್ತು. “ಇಷ್ಟ ವರ್ಷ ಬಾಯಿ ಮುಚ್ಕೊಂಡ ಕುಂತೆ. ಹೆಣದ ಮುಂದ ಇನ್ನ ಆಗೂದಿಲ್ಲ. ಕಾಕಾಸಾಹೇಬ್ರ, ಕೇಳ್ರಿ. ಈ ಮನಿಶಾ ಹುಟ್ಟಿದಾಗಿಂದ ಒಂದ ಹನಿ…”

“ಮಾಮಾ.”

ಶ್ರೇಣಿಕ ಜೋರಾಗಿ ಕೂಗಿರಲಿಲ್ಲ. ಆದರೂ ಮೈಬೂಬ ತಡೆದ. ಎಲ್ಲರೂ ಮಗನ ಕಡೆ ತಿರುಗಿದರು. ಬ್ರಾಹ್ಮಿಯೂ ತಿರುಗಿದಳು. ಅವಳ ಎದೆ ಒಮ್ಮೆ ಹಗುರಾಯಿತು: ಹೇಳುತ್ತಾನೆ, ಅವನೇ ಹೇಳುತ್ತಾನೆ, ಉಪಾಧ್ಯೆ ಓಡಿಹೋಗಿ ಗಂಧೋದಕ ತರುತ್ತಾನೆ, ಅಪ್ಪನ ಹಣೆ ಒದ್ದೆಯಾಗುತ್ತದೆ.

ಶ್ರೇಣಿಕ ಬಾಗಿಲಿನ ಕಡೆ ನೋಡಿದ. ಮನೀಷಾ ಒಂದು ಕೈಯಲ್ಲಿ ಚೌಕಟ್ಟು ಹಿಡಿದಿದ್ದಳು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅವಳ ಹಿಂದೆ ಜುಗೂಳದಿಂದ ಬಂದಿದ್ದ ಅವಳ ತಾಯಿ.

“ಸುಮ್ನಿರ್ರಿ ಮಾಮಾ,” ಎಂದ ಶ್ರೇಣಿಕ. “ಗೆಳ್ಯಾ ಅಂತ ಸುಳ್ಳ ಹೇಳಬ್ಯಾಡ್ರಿ. ನಮ್ಮಪ್ಪ ಕುಡೀತಿದ್ದ. ದಿನಾ ಕುಡೀತಿದ್ದ. ಕುಡದ ಕುಡದನ ಸತ್ತ. ಎಲ್ಲಾರಿಗೂ ಗೊತ್ತೈತಿ.”

ಮೈಬೂಬ ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

ಕಾಕಾಸಾಹೇಬರು ಮುಂದೆ ಬಂದು ಶ್ರೇಣಿಕನ ಒದ್ದೆ ಬೆನ್ನಿನ ಮೇಲೆ ಕೈ ಇಟ್ಟರು. ಅವರ ಕಣ್ಣಲ್ಲಿ ನೀರಿತ್ತು. “ಹೆತ್ತಪ್ಪನ ಬಗ್ಗೆ ನಾಲ್ಕ ಮಂದ್ಯಾಗ ಖರೇ ಹೇಳಾಕ ಗುಂಡಗಿ ಬೇಕಪ್ಪಾ,” ಎಂದರು. “ಎತ್ರಿ ಇನ್ನ.”

ಚಟ್ಟ ಎದ್ದಿತು. ಆಗ ಗಂಗೂಬಾಯಿ ಅತ್ತಳು. ಬೆಳಗಿನಿಂದ ತಡೆದದ್ದೆಲ್ಲ ಒಮ್ಮೆಲೇ ಒಡೆದು, ಗಿಂಡಿ ಉರುಳಿ, ಅವಳು ಹೊಸ್ತಿಲಲ್ಲಿ ಬಿದ್ದು ನೆಲ ಬಡಿದಳು. ಮಗ ಮಂದಿಯಲ್ಲಿ ಮಾನ ಕಳೆದನೆಂದು ಅಳುತ್ತಿದ್ದಾಳೆ ಎಂದು ಹೆಂಗಸರು ಅವಳನ್ನು ಹಿಡಿದುಕೊಂಡರು. ಮನೀಷಾ ಅತ್ತೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, “ಬಿಡ್ರಿ ಅತ್ತೀ, ಹೋದವ್ರ ಹ್ವಾದ್ರು, ನಮ್ಮ ಕೂಸ ಬರತೈತಿ,” ಎಂದು ಸಂತೈಸುತ್ತಿದ್ದಳು.

*

ಹೆಂಗಸರು ಹೊಳೆಯವರೆಗೆ ಹೋಗುವುದಿಲ್ಲ. ಬ್ರಾಹ್ಮಿ ಹೋದಳು. ಯಾರೂ ಬೇಡವೆನ್ನಲಿಲ್ಲ, ಮದುವೆಯಾಗದ ಮಾಸ್ತರತಿ ಹೇಗೋ ಹಾಗೆ ಎಂದು ಊರು ಅವಳನ್ನು ಅವಳ ಪಾಡಿಗೆ ಬಿಟ್ಟು ಬಹಳ ದಿನವಾಗಿತ್ತು. ಅವಳೂ ಮೈಬೂಬನೂ ದಂಡೆಯ ಮೇಲುಗಡೆ, ಕಬ್ಬಿನ ಗದ್ದೆಯ ಅಂಚಿನಲ್ಲಿ ನಿಂತರು.

ಭರಮು ಹೇಳಿದಂತೆ ಆಗಲಿಲ್ಲ. ಬೆಂಕಿ ಹತ್ತಲು ಬಹಳ ಹೊತ್ತು ಹಿಡಿಯಿತು. ವರ್ಷಗಟ್ಟಲೆ ಗಂಜಿಯಲ್ಲಿ ಬದುಕಿದ ಮೈಯಲ್ಲಿ ಉರಿಯುವಂಥದ್ದು ಏನೂ ಇರಲಿಲ್ಲ. ಎರಡು ಸಲ ಕಟ್ಟಿಗೆ ಸರಿಪಡಿಸಿ, ಡಬ್ಬಿಯ ತುಪ್ಪವನ್ನೆಲ್ಲ ಸುರಿದರು.

“ಆ ಹುಡುಗ ಹಂಗ ಯಾಕ ಅಂದಾ?” ಎಂದ ಮೈಬೂಬ. “ನೀ ಅವಗ ಹೇಳಿದ್ದಿಲ್ಲೇನ?”

“ಹೇಳಿದ್ದೆ.”

ಮೈಬೂಬ ಟೋಪಿ ತೆಗೆದು, ಕೈಯಲ್ಲಿ ಮಡಚಿ, ಮತ್ತೆ ಹಾಕಿಕೊಂಡ. ಹೊಗೆ ಹೊಳೆಯ ಮೇಲೆ ಅಡ್ಡಡ್ಡ ಹೋಗುತ್ತಿತ್ತು.

ಚಿತೆ ಕುಸಿದ ಮೇಲೆ ಗಂಡಸರು ನೀರಿಗಿಳಿದರು. ಮುಳುಗಿ ಎದ್ದು, ಬಟ್ಟೆ ಹಿಂಡಿ, ಕಬ್ಬಿನ ದರದ ಮಾತಾಡುತ್ತ ಒಬ್ಬೊಬ್ಬರಾಗಿ ದಂಡೆ ಹತ್ತಿದರು. ಶ್ರೇಣಿಕ ಬರಲಿಲ್ಲ. ನಡುಮಟ್ಟದ ನೀರಿನಲ್ಲಿ ಎಲ್ಲರಿಗೂ ಬೆನ್ನು ಮಾಡಿ ನಿಂತಿದ್ದ. ಬಲಗೈಯನ್ನು ಭುಜದ ಎತ್ತರಕ್ಕೆ ನೆಟ್ಟಗೆ ಮುಂದೆ ಚಾಚಿದ್ದ, ಬೆರಳುಗಳನ್ನು ಅಗಲಿಸಿ.

“ಏ ಶ್ರೇಣಿಕಾ, ಮುಂದ ಹೋಗಬ್ಯಾಡೋ, ಸೆಳವ ಐತಿ,” ಎಂದು ಕಾಕಾಸಾಹೇಬರು ಕೂಗಿದರು.

ಅವನು ತಿರುಗಲಿಲ್ಲ. ತನ್ನ ಕೈಯನ್ನೇ ನೋಡುತ್ತಿದ್ದ. ನೀರು ಅವನನ್ನು ಒಂದಿಷ್ಟು ತಳ್ಳುತ್ತಿತ್ತು. ಅಲುಗುತ್ತಿರುವುದು ಮೈಯೋ ಬೆರಳೋ, ಅಷ್ಟು ದೂರದಿಂದ ಬ್ರಾಹ್ಮಿಗೆ ಕಾಣಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನು ಆ ಕೈ ಇಳಿಸಿ, ಎಡಗೈ ಚಾಚಿದ.